ಎರಡು ಗಂಟೆಯ ಚೌಕಾಸಿ

"ಇದು ಸುತ್ತು ದಾರಿ! ನೇರ ಹೋದ್ರೆ ಇಷ್ಟು ಹೊತ್ತು ಹಿಡಿಯೋದೇ ಇಲ್ಲ," ಎನ್ನುತ್ತ ನಿವೃತ್ತ ಬಸ್ ಡ್ರೈವರು ಮೊಮ್ಮಗಳ ಅಟ್ಲಾಸನ್ನು ಟ್ರಾವೆಲ್ ಏಜೆನ್ಸಿಯ ಮೇಜಿನ ಮೇಲೆ ಬಿಚ್ಚಿಟ್ಟರು. ಎರಡು ನಗರಗಳ ನಡುವೆ ಸ್ಕೇಲು ಹಿಡಿದು ಪೆನ್ಸಿಲ್ ಗೆರೆ ಎಳೆದುಕೊಂಡು ಬಂದಿದ್ದರು. ಎದುರಿನ ಕಂಪ್ಯೂಟರಿನಲ್ಲಿ ಮಾತ್ರ ಅದೇ ದಾರಿ ಬಿಲ್ಲಿನಂತೆ ಬಾಗಿತ್ತು.

ಟಿಕೆಟ್ ಕೊಡುವಾಕೆಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಬೆಳಗಿನಿಂದ ಈ ಮನುಷ್ಯ ಬಂದದ್ದು ಇದು ನಾಲ್ಕನೇ ಸಲ. ಆಕೆ ಮೇಜಿನ ಮೇಲಿನ ಗ್ಲೋಬಿಗೆ ದಾರ ಹಿಡಿದು ತೋರಿಸಿದಳು.

"ನೋಡಿ ಸಾರ್, ಭೂಮಿ ಗುಂಡಗಿದೆ. ಬಾಗಿದ ಹಾಗೆ ಕಾಣ್ತಿದೆಯಲ್ಲ, ಅದೇ ಹತ್ತಿರದ ದಾರಿ. ಹನ್ನೆರಡು ಸಾವಿರ ಕಿಲೋಮೀಟರು, ಹತ್ತೊಂಬತ್ತು ಗಂಟೆ. ಮಧ್ಯೆ ನಮ್ಮತ್ತೆ ಮನೆಗೆ ಹೋಗಿ ಬಾ ಅಂತ ವಿಮಾನಕ್ಕೆ ನಾನೇನು ಹೇಳಿದ್ದೀನಾ?"

"ಹದಿನೇಳಕ್ಕೆ ಇಳಿಸಮ್ಮ."

ತರಕಾರಿ ಕೊಳ್ಳುವವರ ಹಾಗೆ ಕೇಳುತ್ತಿದ್ದರು. ಆದರೆ ವಿಷಯ ತರಕಾರಿಯದಾಗಿರಲಿಲ್ಲ. ಆ ದೂರದ ನಗರದ ಆಸ್ಪತ್ರೆಯಲ್ಲಿ ಅವರ ಅಣ್ಣ ಮಲಗಿದ್ದರು. ಅಲ್ಲಿಯ ಗಡಿಯಾರದಲ್ಲಿ ನಾಳೆ ಬೆಳಿಗ್ಗೆ ಎಂಟಕ್ಕೆ ಹೃದಯದ ಆಪರೇಷನ್. ಉಳಿಯುವ ಖಾತ್ರಿ ಇಲ್ಲವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಇವತ್ತು ರಾತ್ರಿಯ ವಿಮಾನ ಅಲ್ಲಿ ಇಳಿಯುವುದು ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ಒಳಗೆ ಕರೆದುಕೊಂಡು ಹೋಗುವ ಮುಂಚೆ ಅಣ್ಣನ ಮುಖ ನೋಡಲೇಬೇಕು ಎನ್ನುವುದು ಡ್ರೈವರ ಹಟ.

"ಮಧ್ಯದ ಊರಲ್ಲಿ ಮೂರು ಗಂಟೆ ಯಾಕೆ ಕೂರಿಸ್ತಾರೆ? ನಾನು ಟೀಗೆ ಅಂತ ಹತ್ತು ನಿಮಿಷಕ್ಕಿಂತ ಹೆಚ್ಚು ಬಸ್ ನಿಲ್ಲಿಸಿದವನೇ ಅಲ್ಲ."

"ಅಲ್ಲಿಂದ ಮುಂದಕ್ಕೆ ಬೇರೆ ವಿಮಾನ ಸಾರ್. ಅದು ಅದರ ಹೊತ್ತಿಗೇ ಹೊರಡೋದು."

"ಪೈಲಟ್ಟಿಗೆ ಒಂದು ಮಾತು ಹೇಳಿಸಿದ್ರೆ? ಸ್ವಲ್ಪ ಒತ್ತಿ ಓಡಿಸಪ್ಪಾ ಅಂತ?"

ಆಕೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಆಪರೇಷನ್ನನ್ನೇ ಒಂದು ದಿನ ಮುಂದಕ್ಕೆ ಹಾಕಿಸಿ."

"ಆಗಲ್ಲ ಅಂದ್ರಂತೆ."

"ಹಾಗಾದ್ರೆ ಈಗಲೇ ಫೋನ್ ಮಾಡಿ ಮಾತಾಡಿ. ಇಗೊಳ್ಳಿ, ನನ್ನ ಫೋನೇ ತಗೊಳ್ಳಿ."

ಡ್ರೈವರು ಫೋನು ಮುಟ್ಟಲಿಲ್ಲ. "ಏನಂತ ಶುರು ಮಾಡ್ಲಿ? ನಾವಿಬ್ರೂ ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು. ಎದುರಿಗೆ ಹೋಗಿ ನಿಂತ್ರೆ ಹೇಗೋ ಆಗ್ತಿತ್ತು."

ಆಕೆಯ ತಾಳ್ಮೆ ಅಲ್ಲಿಗೆ ಮುಗಿಯಿತು. "ಹನ್ನೊಂದು ವರ್ಷ ಸುಮ್ನಿದ್ದು, ಈಗ ಎರಡು ಗಂಟೆಗೋಸ್ಕರ ನನ್ನ ಜೀವ ತಿಂತೀರಲ್ಲ ಸಾರ್!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಆಕೆ ನಾಲಿಗೆ ಕಚ್ಚಿಕೊಂಡಳು. ಡ್ರೈವರು ರೇಗುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಳು. ಅವರು ಎರಡೂ ಮಾಡಲಿಲ್ಲ. ಪಾಸ್‌ಪೋರ್ಟು ತೆಗೆದು ಮೆಲ್ಲಗೆ ಆಕೆಯ ಮುಂದೆ ಸರಿಸಿದರು.

"ಲೇಟಾಗಿ ಹೊರಟಿದ್ದು ನಾನೇ ಕಣಮ್ಮ," ಎಂದರು. "ಲೇಟಾಗಿ ಬಿಟ್ಟ ಬಸ್ಸಿನ ಡ್ರೈವರು, ಹೋದ ಟೈಮನ್ನ ದಾರೀಲಲ್ಲದೆ ಇನ್ನೆಲ್ಲಿ ಹಿಡೀಬೇಕು, ನೀನೇ ಹೇಳು?"