ಜಾಲಿಯೊಳಗಿನ ಕಾರು

ಜೆಸಿಬಿಯ ಬಕೆಟ್ಟು ಜಾಲಿಯ ಬೇರಿಗೆ ಬೀಳುವ ಬದಲು ತಗಡಿಗೆ ಬಿದ್ದು ಢಣ್ಣೆಂದಿತು. ಡ್ರೈವರ್ ಗಾದಿಲಿಂಗ ಇಳಿದು ಮುಳ್ಳು ಸರಿಸಿ ನೋಡಿದರೆ ಒಂದಲ್ಲ, ಎರಡು ಕಾರು. ಮುಂದೆ ಗುಂಡುಕಣ್ಣಿನ ಹಳೇ ಮೋರಿಸ್, ಅದರ ಹಿಂದೆ ಫಿಯೆಟ್. ಒಡೆದ ಗಾಜಿನೊಳಗಿಂದ ಜಾಲಿಯ ಟೊಂಗೆ ಹೊರಬಂದು ಹೂ ಬಿಟ್ಟಿತ್ತು. ಮಧ್ಯಾಹ್ನದೊಳಗೆ ಬಳಗಾನೂರಿನ ಅರ್ಧ ಊರು ಸಿದ್ದಲಿಂಗೇಶನ ಹೊಲದಲ್ಲಿತ್ತು.

ಅವನ ಅಣ್ಣ ಚನ್ನವೀರ ಮಾತ್ರ ಹೋಗಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಫೋನಿನಲ್ಲೇ ನೋಡಿದ. ಯಾರ ಸ್ಟೇಟಸ್ ತೆರೆದರೂ ಅದೇ ಕಾರು, ಅದೇ ತಮ್ಮ, ತಮ್ಮನ ಅದೇ ನಗು. ಮಸ್ಕಿಯ ವ್ಯಾಪಾರಿಯೊಬ್ಬ "ಸಿದ್ದಲಿಂಗೇಶನ ನಸೀಬು" ಎಂದು ಬರೆದು ಕೆಳಗೆ ಮೂರು ಬೆಂಕಿಯ ಚಿತ್ರ ಹಾಕಿದ್ದ. ಬೆಂಕಿ ಬಿದ್ದದ್ದು ಚನ್ನವೀರನ ಹೊಟ್ಟೆಗೆ.

ಕಾರಣವಿತ್ತು. ನಾಲ್ಕು ವರ್ಷದ ಹಿಂದೆ, ಅಪ್ಪ ಇದ್ದಾಗಲೇ, ಹೊಲ ಪಾಲಾಗಿತ್ತು. ರೂಢಿಯಂತೆ ಹಿರಿಯ ಪಾಲು ಹಾಕಬೇಕು, ಕಿರಿಯ ಆರಿಸಬೇಕು. ಚನ್ನವೀರ ಕಾಲುವೆ ನೀರಿನ ಐದೆಕರೆ ಒಂದು ಕಡೆ, ಜಾಲಿ ತುಂಬಿದ ಏಳೆಕರೆ ಒಂದು ಕಡೆ ಮಾಡಿ, ಏಳೆಕರೆಯ ಹಿರಿಮೆಯನ್ನು ತಮ್ಮನೆದುರು ವಾರಗಟ್ಟಲೆ ಹಾಡಿದ್ದ. ತಮ್ಮ ಮರುಮಾತಿಲ್ಲದೆ ಏಳೆಕರೆಯನ್ನೇ ಆರಿಸಿದ. ಅವತ್ತಿನಿಂದ ಮೀಸೆಯಡಿ ನಗುತ್ತಲೇ ಬಂದಿದ್ದ ಚನ್ನವೀರನ ನಗು ಇವತ್ತು ನಿಂತಿತು.

"ಎದ್ದು ಹೋಗ್ರೀ," ಎಂದಳು ಹೆಂಡತಿ ಬಸವಣ್ಣೆಮ್ಮ. "ನಿಮ್ಮ ತಮ್ಮನ ಹೇಣ್ತಿ ಊರ ಮಂದಿಗೆಲ್ಲ ಚಾ ಕೊಡಾಕತ್ಯಾಳಂತ. ನಿಮ್ಮ ತಾತನ ಕಾರಂತ ಅವು. ತಾತ ಏನ್ ಅವನೊಬ್ಬನಿಗೇ ತಾತನ?"

ಸಂಜೆ ಚನ್ನವೀರ ಹೋದ. ದಾರಿಯುದ್ದಕ್ಕೂ ಜಗಳ ಸಜ್ಜು ಮಾಡಿಕೊಂಡ. ಪಾಲಾದದ್ದು ಮಣ್ಣು, ಸಾಮಾನಲ್ಲ. ತಾತನ ಸಾಮಾನು ಹಿರಿಯ ಮೊಮ್ಮಗನಿಗೆ ಸೇರಬೇಕು. ಒಪ್ಪದಿದ್ದರೆ ಹಿರಿಯರನ್ನು ಕೂಡಿಸುವುದು, ಅದಕ್ಕೂ ಬಗ್ಗದಿದ್ದರೆ ಸಿಂಧನೂರಿನ ವಕೀಲ. ಮೊದಲ ಮಾತನ್ನು ಅರ್ಧ ಆಡುವಷ್ಟರಲ್ಲೇ ಸಿದ್ದಲಿಂಗೇಶ, "ಎರಡೂ ಒಯ್ಯಣ್ಣ," ಎಂದುಬಿಟ್ಟ. "ನನಗ ಜಾಲಿ ಹೋಗಿ ಹೊಲ ಆದ್ರ ಸಾಕು."

ಮರುದಿನ ಟ್ರ್ಯಾಕ್ಟರು ಎರಡೂ ಕಾರುಗಳನ್ನು ಎಳೆದು ತಂದು ಚನ್ನವೀರನ ಅಂಗಳದಲ್ಲಿ ನಿಲ್ಲಿಸಿತು. ಊರೂ ಹಿಂದೆಯೇ ಬಂತು. ತಮ್ಮನ ಮನೆಯಲ್ಲಿ ಬರೀ ಚಹಾ ತಾನೇ, ಬಸವಣ್ಣೆಮ್ಮ ಮಂಡಕ್ಕಿ ಒಗ್ಗರಣೆ-ಮಿರ್ಚಿಯನ್ನೂ ಹಂಚಿದಳು. ಆದರೂ ಚನ್ನವೀರನಿಗೆ ಸುಖ ಹತ್ತಲಿಲ್ಲ. ಜಗಳವಾಡಿ ಕಿತ್ತುಕೊಂಡಿದ್ದರೆ ಗೆದ್ದ ಹಾಗಾದರೂ ಇರುತ್ತಿತ್ತು. ಬಾಗಿಲಿಗೆ ಬಂದವನಿಗೆ ನೀಡಿದಂತೆ ನೀಡಿಬಿಟ್ಟನಲ್ಲ! "ಸಿದ್ದಲಿಂಗೇಶಂದು ದೊಡ್ಡ ಮನಸು ಬಿಡು," ಎಂದು ಇಬ್ಬರು ಇವನ ಅಂಗಳದಲ್ಲೇ ಕೂತು, ಇವನ ಮಿರ್ಚಿಯನ್ನೇ ಕಡಿಯುತ್ತ ಹೇಳಿದರು.

ಅಷ್ಟರಲ್ಲಿ ಮಸ್ಕಿಯಿಂದ ಮೆಕ್ಯಾನಿಕ್ ಬುಡ್ಡೇಸಾಬ್ ಬಂದ. ಮೋರಿಸ್ಸಿನ ಬಾನೆಟ್ಟನ್ನು ಹಾರೆಯಿಂದ ಎಬ್ಬಿಸಿ ಬಗ್ಗಿ ನೋಡಿದ. ಫಿಯೆಟ್ಟಿನದನ್ನೂ ಎಬ್ಬಿಸಿದ.

"ಇಂಜಿನ್ನೇ ಇಲ್ಲಲ್ರೀ ಸಾವ್ಕಾರ್ರ. ಎರಡೂ ಖಾಲಿ. ಬೋಲ್ಟ್ ನೋಡ್ರಿ, ಎಷ್ಟು ಚೆಂದ ಬಿಚ್ಯಾರ. ಬಲ್ಲವರ ಕೆಲಸ."

ಜನ ನಕ್ಕರು. ವಿಚಿತ್ರವೆಂದರೆ ಚನ್ನವೀರನಿಗೆ ಮೊದಲು ಆದದ್ದು ಸಮಾಧಾನ. ತಮ್ಮ ದೊಡ್ಡ ಮನಸ್ಸಿನವನಲ್ಲ, ಕಳ್ಳ! ಎರಡು ದಿನದಲ್ಲಿ ಮೊದಲ ಬಾರಿಗೆ ಹಗುರಾಗಿ, ಬೈಕ್ ಹತ್ತಿ ತಮ್ಮನ ಹೊಲಕ್ಕೆ ಹೋದ. ಸಿದ್ದಲಿಂಗೇಶ ಕಡಿದ ಜಾಲಿಯನ್ನು ಒಟ್ಟುತ್ತಿದ್ದ.

"ಇಂಜಿನ್ ಎಲ್ಲಿ ಮುಚ್ಚಿಟ್ಟೀಯಲೇ?"

"ನಾ ಯಾಕ ಮುಚ್ಚಿಡ್ಲಿ ಅಣ್ಣ? ಅವು ನಿನ್ನ ಹೊಲದಾಗ ಅದಾವಲ್ಲ."

"ನನ್ನ ಹೊಲದಾಗ?"

"ನಿನಗ ಗೊತ್ತಿಲ್ಲೇನು?" ಸಿದ್ದಲಿಂಗೇಶ ನಿಜವಾಗಿಯೂ ಬೆರಗಾದ. "ಕಾಲುವಿ ನೀರು ಬರೂಕಿಂತ ಮೊದಲು ತಾತ ಎರಡೂ ಇಂಜಿನ್ ಬಿಚ್ಚಿ, ನೀರೆತ್ತಾಕ ಬಾವ್ಯಾಗ ಕೂಡಿಸಿದ್ನಂತ. ಕಾಲುವಿ ಬಂದ ಮ್ಯಾಲ ಅವು ಅಲ್ಲೇ ಉಳದ್ವು. ಆ ಬಾವಿ ನಿನ್ನ ಪಾಲಿಗೆ ಬಂತು. ಎರಡು ಗುಂಟೆ ನೆಲ್ಲು ಹೆಚ್ಚಿಗಿ ಬೆಳಿಬೋದಂತ ಹ್ವಾದ ವರ್ಷ ನೀನ ಮಣ್ಣು ಹಾಕ್ಸಿ ಮುಚ್ಚಿಸಿದಿ. ನಿನಗೆಲ್ಲ ಗೊತ್ತೈತಿ ಅಂತ ಮಾಡಿದ್ದೆ ನಾ."

"ನಿನಗ ಯಾರು ಹೇಳಿದ್ರು ಇದನ್ನ?"

"ಅಪ್ಪ."

ಕಾರು, ಇಂಜಿನ್ನು, ಅಂಗಳದಲ್ಲಿ ನಕ್ಕ ಜನ, ಎಲ್ಲ ಚನ್ನವೀರನ ತಲೆಯಿಂದ ಹೋದವು. ಒಟ್ಟಿದ ಜಾಲಿಯ ಪಕ್ಕದಲ್ಲಿ ಹಾಗೇ ಕುಕ್ಕರಿಸಿದ.

"ನಿನಗ ಹೇಳ್ಯಾನ," ಎಂದ. "ಸಣ್ಣವನಿಗೆ ಹೇಳ್ಯಾನ. ಹಿರೇ ಮಗ ನಾ. ಸಾಯೋತನಕ ನನ್ನ ಮನ್ಯಾಗ ಉಂಡ ಅಪ್ಪ. ನನಗೊಂದು ಮಾತು ಹೇಳಲಿಲ್ಲಲ್ಲೋ!" ಐವತ್ತೆಂಟು ವರ್ಷದ ಗಂಡಸು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ.

ಸಿದ್ದಲಿಂಗೇಶ ಕೈಯಲ್ಲಿದ್ದ ಜಾಲಿಯ ಟೊಂಗೆಯನ್ನು ಕೆಳಗಿಟ್ಟ.

"ಇಬ್ಬರಿಗೂ ಕೂಡೇ ಹೇಳ್ಯಾನಣ್ಣ. ಪಾಲಿನ ದಿನ, ಅದ ಬಾವಿ ಕಟ್ಟಿ ಮ್ಯಾಲ ಕುಂತು, ಹೆಸರು ಹಿಡದು ಮೊದಲು ನಿನ್ನ ಕರದ. ನೀ ಟೇಪಿನ ತುದಿ ಹಿಡ್ಕೊಂಡು ಒಡ್ಡು ಅಳಿಯಾಕತ್ತಿದ್ದಿ."