ಸರ್ದಾರನ ಮನೆಗೆ ಹೊಕ್ಕ ಕಳ್ಳ

"ಕಳ್ಳ! ಕಳ್ಳ!" ನಿವೃತ್ತ ಇನ್‌ಸ್ಪೆಕ್ಟರ್ ಕೂಗಿದ ರಭಸಕ್ಕೆ ಅವರ ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದರು. ಕಳ್ಳ ಇದ್ದದ್ದು ಹಜಾರದ ಅಕ್ವೇರಿಯಂನಲ್ಲಿ.

ಕಲ್ಲಿನ ಮೇಲೆ ಹೆಣ್ಣುಮೀನು ಮೊಟ್ಟೆಯಿಡುತ್ತಿತ್ತು. ಇನ್‌ಸ್ಪೆಕ್ಟರರ ಮುದ್ದಿನ ಗಂಡುಮೀನು ಸರ್ದಾರ ರೆಕ್ಕೆ ಬಿಚ್ಚಿಕೊಂಡು ಸುತ್ತಲೂ ಗಸ್ತು ತಿರುಗುತ್ತಿದ್ದ. ಅವನು ಅತ್ತ ತಿರುಗಿದ್ದೇ ತಡ, ಎಲ್ಲರೂ ಹೆಣ್ಣೆಂದೇ ನಂಬಿ 'ಚಿಕ್ಕಮ್ಮ' ಎಂದು ಕರೆಯುತ್ತಿದ್ದ ಪುಟ್ಟ ಮೀನು ಬಾಣದಂತೆ ನುಗ್ಗಿತು. ಮೊಟ್ಟೆಗಳ ಮೇಲೆ ಹಾಲಿನಂಥದ್ದೇನೋ ಚೆಲ್ಲಿ, ಏನೂ ಅರಿಯದವಳಂತೆ ಗಿಡದ ಮರೆಗೆ ಸರಿಯಿತು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಗಳು ಬಗ್ಗಿ ನೋಡಿ ನಕ್ಕಳು. "ಇದು ಗಂಡು ಅಪ್ಪಾ. ದೊಡ್ಡವನ ಜೊತೆ ಕುಸ್ತಿ ಆಡೋಕಾಗಲ್ಲ, ಅದಕ್ಕೆ ಹೆಣ್ಣಿನ ಬಣ್ಣದಲ್ಲೇ ಇರತ್ತೆ. ಸಮಯ ನೋಡಿ ನುಗ್ಗಿ ವೀರ್ಯ ಬಿಡತ್ತೆ. ಆಮೇಲೆ ನೀರಲ್ಲೇ ಓಟದ ಪಂದ್ಯ. ಯಾರದ್ದು ಮೊದಲು ಮೊಟ್ಟೆ ಸೇರತ್ತೋ ಅವರದ್ದೇ ಮರಿ."

"ವೇಷ ಹಾಕ್ಕೊಂಡ ಒಬ್ಬ ಕಳ್ಳನೂ ನನ್ನ ಸರ್ವಿಸ್‌ನಲ್ಲಿ ತಪ್ಪಿಸ್ಕೊಂಡಿಲ್ಲ!"

"ಇವನಿಗೆ ದಿನಾ ಊಟ ಹಾಕ್ತಿದ್ದೋರು ನೀವೇ," ಎಂದರು ಹೆಂಡತಿ. "'ಬಾರೇ ಚಿಕ್ಕಮ್ಮಾ' ಅಂತ ಮುದ್ದು ಬೇರೆ."

ಇನ್‌ಸ್ಪೆಕ್ಟರ್ ಬಲೆ ತಂದರು. ಕಳ್ಳನನ್ನಷ್ಟೇ ಅಲ್ಲ, ಮೊಟ್ಟೆ ಅಂಟಿದ ಕಲ್ಲನ್ನೂ ಎತ್ತಿ ಎಸೆಯುವ ಸಿಟ್ಟು. "ಯಾರದ್ದೋ ಮರಿಗಳನ್ನ ನಮ್ಮ ಸರ್ದಾರ ಯಾಕೆ ಕಾಯ್ಬೇಕು?" ಎನ್ನುತ್ತ ನೀರಿಗೆ ಕೈ ಹಾಕಿದರು. ಸರ್ದಾರ ಬಂದವನೇ ಅವರ ಬೆರಳು ಕಚ್ಚಿದ.

"ಅಯ್ಯೋ ಪೆದ್ದೇ, ನಿನ್ನ ಪರವಾಗೇ ಬಂದಿರೋದು ಕಣೋ!"

ತಾಯಿ ಮಗಳು ಬಿದ್ದು ಬಿದ್ದು ನಕ್ಕರು. "ಅವನಿಗೆ ಆ ವಿಚಾರಣೆಯೆಲ್ಲ ಬೇಕಾಗಿಲ್ಲ ಅಪ್ಪಾ," ಎಂದಳು ಮಗಳು, ಅವರ ಬೆರಳಿಗೆ ಬಟ್ಟೆ ಸುತ್ತುತ್ತ.

ಮೊದಲ ಗಂಡ ತೀರಿಕೊಂಡ ಮೇಲೆ ಹೆಂಡತಿ ಈ ಮನೆಗೆ ಬಂದಾಗ ಅವರ ಕಂಕುಳಲ್ಲಿದ್ದ ಕೂಸು ಈ ಮಗಳು. ಇನ್‌ಸ್ಪೆಕ್ಟರ್ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಬಲೆಯನ್ನು ಗೋಡೆಗೆ ಒರಗಿಸಿದರು.

ಮರಿಗಳು ಈಜಲು ಕಲಿತ ದಿನ ಪಕ್ಕದ ಮನೆಯ ದರ್ಜಿಯನ್ನು ಕರೆದು ತೋರಿಸಿದರು. ಸಾಸಿವೆಯಷ್ಟೇ ಇದ್ದ ಆ ಮರಿಗಳಲ್ಲಿ ದರ್ಜಿಗೆ ಕಣ್ಣಿನ ಚುಕ್ಕೆಗಳನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಸರಿಯಾಗಿ ನೋಡ್ರೀ," ಎಂದರು ಇನ್‌ಸ್ಪೆಕ್ಟರ್ ಎದೆಯುಬ್ಬಿಸಿ, "ಒಂದೊಂದೂ ಥೇಟ್ ಅಪ್ಪನ ಹಾಗೇ ಇದೆ."