ಡಬ್ಬಿಯ ಮೇಲಿನ ಹೆಸರು

ಅಂಬವ್ವ ಚೀಲದಿಂದ ಎರಡು ಜೋಳದ ರೊಟ್ಟಿ ತೆಗೆದು ಪಾತ್ರೆ-ಬಾಂಡೆ ಅಂಗಡಿಯ ಗಲ್ಲೆಯ ಮೇಲಿಟ್ಟಳು. ಅಂಗಡಿಯ ಯಮನೂರಪ್ಪ ಕಣ್ಣರಳಿಸಿದ. ಸ್ಟೀಲ್ ಡಬ್ಬಿ ಕೊಳ್ಳಲು ಬಂದವರು ಬಡಿದು ನೋಡುತ್ತಾರೆ, ಕೈಯಲ್ಲಿ ತೂಗಿ ನೋಡುತ್ತಾರೆ. ಮನೆಯಿಂದ ರೊಟ್ಟಿ ತಂದು ಅಳತೆ ನೋಡುವ ಗಿರಾಕಿಯನ್ನು ಅವನು ಕಂಡದ್ದು ಇದೇ ಮೊದಲು.

"ಇವು ಎರಡು, ಒಂದು ಸೌಟು ಪಲ್ಯ, ಒಂದು ಹಿಡಿ ಅನ್ನ. ಇಷ್ಟು ಕುಂತ ಮ್ಯಾಲ ಒಂದು ಅಗಳಿಗೂ ಜಾಗ ಇರಬಾರದ್ರಿ, ಅಂಥಾ ಡಬ್ಬಿ ತೋರಸ್ರಿ," ಎಂದಳು ಅಂಬವ್ವ.

ಪಕ್ಕದಲ್ಲಿದ್ದ ಗಂಡ ನಿಂಗಪ್ಪನ ಮುಖ ಬಾಡಿತು. ಗದಗಿನ ಅರಿವೆ ಅಂಗಡಿಯಲ್ಲಿ ದಿನವಿಡೀ ಗಾದಿಯ ಮೇಲೆ ಕುಳಿತು ಸೀರೆ ತೋರಿಸುವ ಅವನಿಗೆ ಮಧ್ಯಾಹ್ನದ ಬುತ್ತಿಯೆಂದರೆ ಪಂಚಪ್ರಾಣ. ಸಕ್ಕರೆ ಏರಿದೆ, ಊಟ ಇಳಿಸದಿದ್ದರೆ ಇಂಜೆಕ್ಷನ್ನೇ ಗತಿ ಎಂದು ಡಾಕ್ಟರು ನಿನ್ನೆ ಹೇಳಿದ್ದರು. ಇವತ್ತು ಅಂಗಡಿಗಳ ಬಾಗಿಲು ತೆರೆಯುವ ಹೊತ್ತಿಗೆ ಅಂಬವ್ವ ಅವನನ್ನು ಬೆಟಗೇರಿಯಿಂದ ಎಳೆದು ತಂದಿದ್ದಳು.

ಡಬ್ಬಿಗಳ ರಾಶಿ ಕಂಡು ಅವಳಿಗೆ ಹಿಗ್ಗೋ ಹಿಗ್ಗು. ಇದು ದೊಡ್ಡದಾತು, ಇದರಾಗ ರೊಟ್ಟಿ ಮುರೀತೈತಿ, ಅದನ್ನ ತಗೀರಿ, ಅಲ್ಲಲ್ಲ, ಅದರ ಹಿಂದಿಂದು! ಕೊನೆಗೆ ಒಂದು ಪುಟ್ಟ ಡಬ್ಬಿಯಲ್ಲಿ ಮಡಿಸಿದ ರೊಟ್ಟಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕುಳಿತಿತು. "ಸಿಕ್ತ್ರೀ!" ಎಂದು ಅವಳು ಕೂಗಿದ್ದಕ್ಕೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

"ಇದು ಡಬ್ಬಿ ಅಲ್ಲಲೇ, ಕುಂಕುಮದ ಭರಣಿ," ಎಂದ ನಿಂಗಪ್ಪ.

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ರೊಟ್ಟಿ ತೆಗೆದಿಟ್ಟು, ಮುಚ್ಚಳ ಸೋರುತ್ತದೋ ನೋಡಲು ಡಬ್ಬಿ ಹಿಡಿದು ಹೊರಗಿನ ನಳದ ಕಡೆ ಓಡಿದಳು.

ನಿಂಗಪ್ಪ ಬಾಗಿಲ ಕಡೆ ಕಣ್ಣು ಹಾಯಿಸಿದ. ಇಂಥ ಸಮಯ ಮತ್ತೆ ಸಿಗದು. ಮೂರು ಅಂತಸ್ತಿನ ದೊಡ್ಡ ಕ್ಯಾರಿಯರ್ ಒಂದನ್ನು ಸರಕ್ಕನೆ ಎಳೆದು ಗಲ್ಲೆಯ ಮೇಲೆ ಕುಕ್ಕಿದ. "ಯಮನೂರಪ್ಪ, ಇದಕ್ಕ ನನ್ನ ಹೆಸರು ಹೊಡಿ! ಜಲ್ದಿ, ಆಕಿ ಬರೂದ್ರಾಗ!"

ಹೆಸರು ಹಾಕುವ ಮಷೀನು ಕರ್‍ರೆಂದಿತು. ಅಂಬವ್ವ ಸೆರಗಿಗೆ ಕೈ ಒರೆಸುತ್ತ ಒಳಗೆ ಬರುವಷ್ಟರಲ್ಲಿ ಕ್ಯಾರಿಯರಿನ ಹೊಟ್ಟೆಯ ಮೇಲೆ 'ನಿಂಗಪ್ಪ ಹೊಂಬಳ, ಬೆಟಗೇರಿ' ಎಂದು ಅಚ್ಚೊತ್ತಿತ್ತು.

"ಹೆಸರು ಬಿದ್ದ ಮಾಲು ವಾಪಸ್ ತಗೊಳ್ಳೂದಿಲ್ರಿ, ಅಕ್ಕಾರ," ಎಂದು ಯಮನೂರಪ್ಪ ಮೆಲ್ಲಗೆ ಹೇಳಿದ. ನಿಂಗಪ್ಪ ಹುಡುಗನ ಹಾಗೆ ಕಿಸಕ್ಕೆಂದು ನಕ್ಕ.

ಗಂಡ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಹೆಂಗಸು ಆಕೆ. ಕ್ಯಾರಿಯರನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೆಸರಿಗಿಂತ ಮೊದಲ ಬಾಳ ಜಾಗ ಬಿಟ್ಟೀರಲ್ರಿ. ಅಲ್ಲೆ 'ಅಂಬವ್ವ' ಅಂತ ಹೊಡೀರಿ."

ಮಷೀನು ಮತ್ತೆ ಕರ್‍ರೆಂದಿತು. ಯಮನೂರಪ್ಪ ಗಟ್ಟಿಯಾಗಿ ಓದಿದ: "ಅಂಬವ್ವ ನಿಂಗಪ್ಪ ಹೊಂಬಳ, ಬೆಟಗೇರಿ."

"ಓಟಿನ ಕಾರ್ಡಿನ್ಯಾಗೂ ನನ್ನ ಹೆಸರು ಹಿಂಗ ಐತ್ರಿ. ಅಂದ್ರ ಇದು ನಂದಾತು. ಸಣ್ಣದರ ಮ್ಯಾಲ ಇವರದೊಂದ ಹೆಸರು ಹಾಕ್ರಿ. ಎರಡೂ ಕೊಡ್ರಿ."

"ನಿನಗ್ಯಾಕ ಡಬ್ಬಿ?" ನಿಂಗಪ್ಪ ಹೌಹಾರಿದ.

"ಹೊಲಿಗಿ ಕೆಲಸಕ್ಕ ನಾನೂ ದಿನಾ ಹೋಗ್ತೀನಲ್ರಿ. ಅರಿವ್ಯಾಗ ಏನು ಕಟಗೊಂಡು ಹೋಗ್ತೀನಂತ ಒಂದಿನಾನರ ಬಿಚ್ಚಿ ನೋಡೀರೇನು?"

ನೋಡಿರಲಿಲ್ಲ. ನಿಂಗಪ್ಪನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ ಹೊಟ್ಟೆಯ ಆಸೆ ಬಿಡಬೇಕಲ್ಲ. "ಅಷ್ಟೂ ನೀ ಒಬ್ಬಾಕೀನ ಉಣ್ತೀಯೇನು?" ಎಂದ.

ಅಂಬವ್ವ ಎರಡೂ ಡಬ್ಬಿಗಳನ್ನು ಚೀಲಕ್ಕಿಳಿಸಿ, ಚೀಲವನ್ನು ಅವನ ಕೈಗೆ ಕೊಟ್ಟಳು. ಖುಷಿಗೆ ಅವಳ ಕಣ್ಣುಗಳು ಮಿನುಗುತ್ತಿದ್ದವು.

"ಇಷ್ಟು ವರ್ಷ ನಿಮ್ಮ ಡಬ್ಬಿ ತುಂಬಿ, ಉಳಿದದ್ದು ನಾ ಒಯ್ದೀನಿ. ನಾಳಿಂದ ನನ್ನ ಡಬ್ಬಿ ತುಂಬಿ, ಉಳಿದದ್ದು ನಿಮಗ ಕಟ್ತೀನ್ರಿ."